ಪ್ರಯಾಣಿಕರ ಗಮನಕ್ಕೆ

ಅವಳಿಗೆ ಪಿಟೀಲು ಅಂತ ಹೆಸರು ಬಿದ್ದದ್ದು ತೊಟ್ಟಿಲಲ್ಲಿ. ಹುಟ್ಟಿದ ಹೊಸತರಲ್ಲಿ ದಿನವಿಡೀ ಒಂದೇ ಶ್ರುತಿ ಹಿಡಿದು ಅಳುತ್ತಿದ್ದಳಂತೆ. ಕೆಲಸ ಮುಗಿಸಿ ಬಂದ ಅಪ್ಪ ತೊಟ್ಟಿಲೊಳಗೆ ಬಗ್ಗಿ, "ಸಾಕು ನಿಲ್ಲಿಸಮ್ಮಾ, ಎಷ್ಟೂಂತ ಪಿಟೀಲು ಕುಯ್ತೀಯ!" ಅಂದನಂತೆ. ಅಷ್ಟಕ್ಕೇ ಹೆಸರು ಅಂಟಿಕೊಂಡಿತು. ಆದರೆ ಬೆಳೆಯುತ್ತ ಬೆಳೆಯುತ್ತ ಆ ಪಿಟೀಲಿನ ತಂತಿ ಯಾಕೋ ಸಡಿಲವಾಯಿತು. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಲು ಸೇರುವ ಹೊತ್ತಿಗೆ ಅವಳು ಎರಡು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುವ ಹುಡುಗಿಯಾಗಿದ್ದಳು.

ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಮಾತಾಡುವ ಕೆಲಸವನ್ನು ಅಪ್ಪ ಅಮ್ಮ ಇಬ್ಬರೇ ಹಂಚಿಕೊಂಡು, ಚೂರೂ ಬಾಕಿ ಉಳಿಸದೆ ಮಾಡಿ ಮುಗಿಸುತ್ತಿದ್ದರು. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದಳು. ಅಳತೆ ಕೊಡಲು ಬಂದವರ ಹತ್ತಿರ ಮಾತಿಗೆ ಕೂತರೆ ಮೆಷಿನ್ ಓಡುವಷ್ಟೇ ವೇಗವಾಗಿ ಬಾಯೂ ಓಡುತ್ತಿತ್ತು. ಅಪ್ಪನದು ಇನ್ನೂ ದೊಡ್ಡ ಬಾಯಿ. ಊರಿನ ಬಸ್ ನಿಲ್ದಾಣದ ಮೈಕು ಅವನದು. ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು, ಕೆಳಗೆ ಬಂದು ಹೋಗುವ ಬಸ್ಸುಗಳನ್ನು ನೋಡುತ್ತ, "ಪ್ರಯಾಣಿಕರ ಗಮನಕ್ಕೆ" ಅಂತ ಶುರು ಮಾಡಿದರೆ ಮಲಗಿದ್ದವರೂ ಚೀಲ ಎಳೆದುಕೊಂಡು ಎದ್ದು ಕೂರಬೇಕು, ಅಂಥ ದನಿ. ಅವನ ಮುಖ ಗೊತ್ತಿದ್ದವರು ಕಡಿಮೆ. ತರಕಾರಿ ಅಂಗಡಿಯಲ್ಲಿ "ಟೊಮೇಟೊ ಹೇಗೆ?" ಅಂತ ಕೇಳಿದರೆ ಮಾತ್ರ ಸುತ್ತ ನಿಂತವರೆಲ್ಲ ಗಕ್ಕನೆ ತಿರುಗಿ ನೋಡುತ್ತಿದ್ದರು. ಮನೆಯಲ್ಲೂ ಅದೇ ಧಾಟಿ. "ಊಟಕ್ಕೆ ಹೊರಡುವ ಪಿಟೀಲು ಕೂಡಲೇ ಒಂದನೇ ಅಂಕಣಕ್ಕೆ ಬರಬೇಕಾಗಿ ವಿನಂತಿ!"

ಅಂಥ ಅಪ್ಪ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಕೈಯಿಂದ ರೇಜರ್ ಜಾರಿತು. ಶಬ್ದ ಕೇಳಿ ಪಿಟೀಲು ಹೋಗಿ ನೋಡಿದರೆ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು, ಗೋಡೆಗೆ ಒರಗಿ, ನೆಲದ ಮೇಲಿನ ರೇಜರನ್ನೇ ಇದ್ಯಾವ ವಸ್ತು ಅನ್ನುವ ಹಾಗೆ ನೋಡುತ್ತ ಕೂತಿದ್ದ. ಮಿದುಳಿನ ಎಡಭಾಗದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಆಸ್ಪತ್ರೆಯಲ್ಲಿ. ಜೀವಕ್ಕೆ ಅಪಾಯವಾಗಲಿಲ್ಲ. ಕಾಲು ಬೇಗ ಸುಧಾರಿಸಿತು, ಬಲಗೈ ಅರೆಬರೆ ಸುಧಾರಿಸಿತು. ಮಾತು ಮಾತ್ರ ಕೈಕೊಟ್ಟಿತು.

ಪೂರ್ತಿ ಮೂಕನಾಗಿದ್ದರೆ ಒಂದು ಥರ. ಹಾಗೂ ಅಲ್ಲ. ಮನೆಯವರು ಆಡುವುದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಬೇಕಾದದ್ದು ಏನು ಅಂತಲೂ ಒಳಗೆ ಗೊತ್ತಿರುತ್ತಿತ್ತು. ಬಾಯಿಗೆ ಬರುವಷ್ಟರಲ್ಲಿ ಎಲ್ಲ ಅದಲುಬದಲು. ಚಮಚ ಬೇಕಾದರೆ "ಚಪ್ಪಲಿ" ಅನ್ನುತ್ತಿದ್ದ. ಕಿಟಕಿ ಮುಚ್ಚು ಅನ್ನಲು ಹೋಗಿ "ಕಿವಿ, ಕಿವಿ" ಅನ್ನುತ್ತಿದ್ದ. ಎಲ್ಲಕ್ಕಿಂತ ಕರುಳು ಹಿಂಡುತ್ತಿದ್ದದ್ದು ಇನ್ನೊಂದು. ಬಾಯಾರಿ, ಲೋಟದ ಕಡೆ ನೋಡಿ, ನೀರು ಅನ್ನಲು ಹೆಣಗುವಾಗ, ಒಮ್ಮೊಮ್ಮೆ ಒಳಗಿಂದ ಹಳೆಯ ದನಿ ಚೂರೂ ಮುಕ್ಕಾಗದೆ ಹೊರಟುಬಿಡುತ್ತಿತ್ತು: "ಪ್ರಯಾಣಿಕರ ಗಮನಕ್ಕೆ!" ತನ್ನ ಬಾಯಿಯಿಂದಲೇ ಹೊರಟ ಆ ಮಾತಿಗೆ ತಾನೇ ಬೆಚ್ಚಿ ಅಪ್ಪ ತುಟಿ ಮುಚ್ಚಿಕೊಳ್ಳುತ್ತಿದ್ದ.

ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಮಾತಿನ ತರಬೇತಿ. ಕಲಿಸುವವರು ಸಣಕಲು ದೇಹದ, ಮೆಲುದನಿಯ ಮನುಷ್ಯ. ಮನೆಯವರ ಬಾಯಲ್ಲಿ ಅವರು ಮಾತಿನ ಡಾಕ್ಟ್ರು. ಅಪ್ಪನ ಮುಂದೆ ಚಿತ್ರಗಳನ್ನು ಹಿಡಿದು ಸುಮ್ಮನೆ ಕೂರುತ್ತಿದ್ದರು. ಒಂದು ಸಲ ಅಮ್ಮನಿಗೆ ಹೇಳಿದರು, "ಪದ ನೀವು ಕೊಡಬೇಡಿ. ಕಾಯಿರಿ."

"ಎಷ್ಟು ಹೊತ್ತು ಕಾಯೋದು?"

"ಬರೋವರೆಗೆ."

"ಬರದೇ ಇದ್ರೆ?"

"ಮೊದಲ ಅಕ್ಷರ ಮಾತ್ರ ಹೇಳಿ. ಮತ್ತೆ ಕಾಯಿರಿ."

ಪಿಟೀಲಿಗೆ ಒಂದು ಅನುಮಾನ ಬಹಳ ದಿನದಿಂದ ಕೊರೆಯುತ್ತಿತ್ತು. ಬಸ್ಸಿನ ಘೋಷಣೆ ಅಷ್ಟು ಸಲೀಸಾಗಿ ಬರುತ್ತಲ್ಲ, ನೀರು ಅನ್ನುವ ಚಿಕ್ಕ ಮಾತು ಯಾಕೆ ಬರಲ್ಲ ಅಂತ ಕೇಳಿದಳು. ಅವರು ಸ್ವಲ್ಪ ಯೋಚಿಸಿ, "ಅದು ಮಗ್ಗಿ ಹೇಳಿದ ಹಾಗೆ. ರೂಢಿಯ ಮೇಲೆ ನಾಲಿಗೆ ತಾನೇ ಹೇಳಿಕೊಂಡು ಹೋಗುತ್ತೆ. ಈಗ ನಂಗಿದು ಬೇಕು ಅಂತ ಯೋಚಿಸಿ ಆಡೋ ಮಾತಿನ ದಾರಿಯೇ ಬೇರೆ. ಆ ದಾರಿ ಕುಸಿದಿದೆ. ದಿನಾ ಓಡಾಡಿದ್ರೆ ಕಾಲುದಾರಿ ಮೂಡುತ್ತೆ" ಅಂದರು. ಅವರು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

ಹೊರಗೆ ಬಂದ ಮೇಲೆ ಅಮ್ಮ ಗೊಣಗಿದಳು. "ಕಲಿಸೋರಿಗೇ ನೆಟ್ಟಗೆ ನಾಲ್ಕು ಮಾತು ಬರಲ್ಲ. ಇನ್ನು ಇವರಿಗೇನು ಕಲಿಸ್ತಾರೋ!"

ಕಾಯುವುದು ಅಮ್ಮನ ಜಾಯಮಾನದಲ್ಲೇ ಇರಲಿಲ್ಲ. ಅಪ್ಪ ತುಟಿ ಅಲುಗಿಸಿದರೆ ಸಾಕು, "ನೀರಾ? ಟೀನಾ? ಫ್ಯಾನ್ ಹಾಕ್ಲಾ? ಕಾಲು ನೋಯ್ತಿದ್ಯಾ?" ಅಂತ ಪ್ರಶ್ನೆಗಳ ಮಳೆ. ಪ್ರೀತಿಗೆ ಕಡಿಮೆ ಇರಲಿಲ್ಲ. ಅಪ್ಪ ಸಾಕಾಗಿ ಯಾವುದಾದರೊಂದಕ್ಕೆ ತಲೆಯಾಡಿಸುತ್ತಿದ್ದ. ಬೇಡದ ಟೀ ಕುಡಿಯುತ್ತಿದ್ದ. ಬರಬರುತ್ತ ತುಟಿ ಅಲುಗಿಸುವುದನ್ನೂ ಬಿಟ್ಟ. ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುವುದೊಂದೇ ಕೆಲಸವಾಯಿತು.

ಪಿಟೀಲಿನ ತಲೆಬಿಸಿಯೂ ಮಾತಿನದ್ದೇ, ಆದರೆ ಬೇರೆ ಭಾಷೆಯದ್ದು. ಮೂರನೇ ವರ್ಷದಿಂದ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೂ ಮೊದಲು ಎಲ್ಲ ವಿಭಾಗದವರೂ ಪದಬಳಕೆಯ ತರಗತಿಗೆ ಕೂತು, ಕೊನೆಗೆ ಬಾಯಿಮಾತಿನ ಪರೀಕ್ಷೆ ಪಾಸು ಮಾಡಬೇಕು. ತರಗತಿ ಬೆಳಿಗ್ಗೆ, ಮೇಲಿನ ಮಹಡಿಯ ಉದ್ದನೆಯ ಕೋಣೆಯಲ್ಲಿ. ಕಲಿಸುವ ಮೇಡಂ ತುಂಡು ಕೂದಲಿನ, ಚಪ್ಪಟೆ ಚಪ್ಪಲಿಯ ಹೆಂಗಸು. ಎಲ್ಲರನ್ನೂ ವಿಭಾಗದ ಹೆಸರು ಹಿಡಿದೇ ಕರೆಯುತ್ತಿದ್ದರು. ಹಾಗಾಗಿ ಪಿಟೀಲು ಅಲ್ಲಿ ಬಾಟನಿ. ಅವಳ ಜೋಡಿಯಾಗಿ ಅಭ್ಯಾಸಕ್ಕೆ ಕೂರಿಸಿದ್ದ ಉದ್ದನೆಯ ಹುಡುಗ ಜಿಯಾಲಜಿ.

"ಬಾಟನಿ, ರಿಲಕ್ಟೆಂಟ್ ಅಂದ್ರೇನು?"

ಪಿಟೀಲು ಎದ್ದು ನಿಂತು, ಮನಸ್ಸಿಲ್ಲದ, ಹಿಂಜರಿಯುವ ಅಂತ ನಿಘಂಟಿನ ಅರ್ಥವನ್ನು ಚಾಚೂ ತಪ್ಪದೆ ಒಪ್ಪಿಸಿದಳು.

"ಸರಿ. ಇವತ್ತು ಎದ್ದಾಗಿಂದ ನೀನು ಯಾವುದಕ್ಕಾದರೂ ರಿಲಕ್ಟೆಂಟ್ ಆಗಿದ್ಯಾ? ಹೇಳು, ಇಂಗ್ಲಿಷಲ್ಲಿ."

ಆಗಿದ್ದಳು. ಹಾಸಿಗೆ ಬಿಟ್ಟು ಏಳುವುದಕ್ಕೆ, ಈ ತರಗತಿಗೆ ಬರುವುದಕ್ಕೆ, ಈಗ ಎದ್ದು ನಿಲ್ಲುವುದಕ್ಕೆ, ಎಲ್ಲದಕ್ಕೂ. ಆದರೆ ಒಂದು ಪದವೂ ನಾಲಿಗೆಗೆ ಹತ್ತಲಿಲ್ಲ. ಪಕ್ಕದಲ್ಲಿ ಜಿಯಾಲಜಿ ಆಗಲೇ ಕೈ ಎತ್ತಿ ಎದ್ದಾಗಿತ್ತು. "ದಿ ಮೌಂಟನ್ ಈಸ್ ರಿಲಕ್ಟೆಂಟ್ ಟು ಮೂವ್, ಮ್ಯಾಮ್!"

"ಬೆಟ್ಟಕ್ಕೆ ಕದಲೋ ಮನಸ್ಸಿಲ್ಲ ಅಂತ ನಿನ್ನ ಹತ್ತಿರ ಹೇಳಿಕೊಳ್ತಾ?" ಅಂದರು ಮೇಡಂ. ತರಗತಿ ಗೊಳ್ಳೆಂದಿತು. ಜಿಯಾಲಜಿಯೂ ಎಲ್ಲರ ಜೊತೆ ನಕ್ಕ. ನಾಚಿಕೆ ಅನ್ನುವುದು ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಪಿಟೀಲಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

"ಅರ್ಥ ಗೊತ್ತಿದ್ರೆ ಆಗಲಿಲ್ಲ," ಅಂದರು ಮೇಡಂ. "ಮನೇಲಿ ಯಾರ ಜೊತೆಗಾದರೂ ಕೂತು, ಕಣ್ಣಿಗೆ ಕಂಡದ್ದನ್ನ ಹೇಳಿ. ತಪ್ಪಾಗಲಿ. ಗಿಳಿಪಾಠ ಮಾತ್ರ ಬೇಡ."

ಮೆಟ್ಟಿಲಿಳಿಯುವಾಗ ಪಿಟೀಲಿಗೆ ಮಾತಿನ ಡಾಕ್ಟ್ರ ಮಗ್ಗಿಯ ಮಾತು ನೆನಪಾಯಿತು. ಅಪ್ಪನ ಘೋಷಣೆ ಹೇಗೋ ತನ್ನ ಇಂಗ್ಲಿಷೂ ಹಾಗೇ. ಹೇಳು ಅಂದರೆ ಗಡಗಡ, ಬೇಕು ಅಂದರೆ ಇಲ್ಲ.

ಮನೆಯಲ್ಲಿ ಯಾರ ಜೊತೆ ಕೂರುವುದು? ಅಮ್ಮನ ಹತ್ತಿರ ಸದಾ ಗಿರಾಕಿಗಳು. ಸಂಜೆ ಪಿಟೀಲು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಗೋಡೆಗೆ ಹೇಳತೊಡಗಿದಳು. ನಲ್ಲಿ ಸೋರುತ್ತಿತ್ತು. ವಾಷರ್ ಹಾಳಾಗಿ ಬಹಳ ದಿನವಾಗಿತ್ತು. ಸರಿ, ಅದನ್ನೇ ಹೇಳೋಣ ಅಂದುಕೊಂಡಳು. "ದಿ ಟ್ಯಾಪ್... ದಿ ಟ್ಯಾಪ್ ಹ್ಯಾಸ್... ಬೀನ್... ದಿ ಟ್ಯಾಪ್..."

ಬೆನ್ನ ಹಿಂದೆ ಗುಳುಗುಳು ಅಂತ ಸದ್ದಾಯಿತು. ಅಪ್ಪನಿಗೆ ಏನೋ ಆಯಿತು ಅಂತ ಗಾಬರಿಯಿಂದ ತಿರುಗಿದರೆ, ಅಪ್ಪ ನಗುತ್ತಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ನಗು. ಬಾಯಿ ಸ್ವಲ್ಪ ಒಂದು ಕಡೆ ಎಳೆದಿತ್ತು, ಆದರೂ ಅಪ್ಪಟ ಕೀಟಲೆಯ ನಗು.

ಪಿಟೀಲಿಗೆ ರೇಗಿತು. "ನಗ್ತೀಯಾ? ಹಾಗಾದ್ರೆ ನೀನೇ ಹೇಳು. ಇಂಗ್ಲಿಷ್ ಬೇಡ, ನಮ್ಮ ಮಾತಲ್ಲೇ ಹೇಳು ನೋಡೋಣ!"

ಅಂದ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಎಂಥ ಮಾತು ಆಡಿಬಿಟ್ಟೆ ಅನ್ನಿಸಿತು. ಅಪ್ಪನ ಮುಖದಿಂದ ನಗು ಹೋಯಿತು. ಅವನು ನಲ್ಲಿಯ ಕಡೆ ನೋಡಿದ. ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದ. "ನ..." ಅಂದ. "ನಲ್..."

ಪಿಟೀಲು ಕಾದಳು. ನೀರು ತೊಟ್ಟಿಕ್ಕುತ್ತಲೇ ಇತ್ತು.

"ನಲ್ಲಿ," ಅಂದ ಅಪ್ಪ. ಮತ್ತೆ ಹುಡುಕಿದ. ಕಣ್ಣು ಮುಚ್ಚಿ ಕತ್ತಲ ಕೋಣೆಯಲ್ಲಿ ಸ್ವಿಚ್ಚಿಗಾಗಿ ತಡಕಾಡುವವನ ಹಾಗೆ ಗಾಳಿಯಲ್ಲಿ ಬೆರಳಾಡಿಸಿದ. "ನಲ್ಲಿ... ಅಳ್ತಾ... ಇದೆ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಪಿಟೀಲು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ದಿ ಟ್ಯಾಪ್ ಈಸ್ ಕ್ರೈಯಿಂಗ್" ಅಂದಳು. ತಡವರಿಸದೆ ಹೇಳಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಸದ್ದಿಗೆ ಓಡಿಬಂದ ಅಮ್ಮ, "ಏನಾಯ್ತು? ಬಿದ್ರಾ? ನೀರು ಬೇಕಾ?" ಅಂದಳು.

"ಅಪ್ಪ ಹೇಳಿದ್ದು ಕೇಳು ಅಮ್ಮಾ, ನಲ್ಲಿ ಅಳ್ತಿದೆಯಂತೆ."

ಅಮ್ಮ ಇನ್ನೇನೋ ಕೇಳಲು ಬಾಯಿ ತೆರೆದವಳು, ಅಪ್ಪ ಹೇಳಿದ್ದು ಅನ್ನುವುದು ತಲೆಗೆ ಹೋಗಿ ಬಾಗಿಲಲ್ಲೇ ಕೂತುಬಿಟ್ಟಳು.

ಅವತ್ತಿನಿಂದ ಅದೊಂದು ಆಟವಾಯಿತು. ಸಂಜೆ ಮನೆಯ ಒಂದು ವಸ್ತುವನ್ನೋ ಬೀದಿಯಲ್ಲಿ ನಡೆದ ಒಂದು ಸಂಗತಿಯನ್ನೋ ಆರಿಸಿಕೊಳ್ಳುವುದು. ಅದರ ಬಗ್ಗೆ ಮಗಳು ಇಂಗ್ಲಿಷಿನಲ್ಲಿ, ಅಪ್ಪ ಮನೆಮಾತಿನಲ್ಲಿ ಹೇಳುವುದು. ಒಬ್ಬರಿಗೆ ತಡೆದರೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ಕಾಯಬೇಕು. ಕೈ ಎತ್ತಿದರೆ ಮಾತ್ರ ಸಹಾಯ, ಅದೂ ಮೊದಲ ಅಕ್ಷರ. ಮಗಳ ಇಂಗ್ಲಿಷಿಗೆ ಅಪ್ಪನಿಂದ ಏನು ಸಹಾಯ ಅನ್ನಬೇಡಿ. ಪದ ಗೊತ್ತಿಲ್ಲದಿದ್ದರೂ ಅವಳು ಗಿಳಿಪಾಠಕ್ಕೆ ಜಾರಿದ್ದು ಅವನಿಗೆ ತಕ್ಷಣ ತಿಳಿಯುತ್ತಿತ್ತು. ಉಸಿರು ತೆಗೆದುಕೊಳ್ಳದೆ ಅವಳು ಗಡಗಡ ಓಡಿಸಿದರೆ, ಕಂಡಕ್ಟರ್ ಬಸ್ಸಿನ ಮೈ ತಟ್ಟಿ ನಿಲ್ಲಿಸುವ ಹಾಗೆ ಕುರ್ಚಿಯ ಹಿಡಿ ತಟ್ಟುತ್ತಿದ್ದ.

ಕಷ್ಟವಾದದ್ದು ಅಮ್ಮನನ್ನು ಸುಮ್ಮನಿರಿಸುವುದು. ಮುಂದಿನ ಕೋಣೆಯಿಂದಲೇ "ಪರದೆ! ಪರದೆ ಅನ್ನಿ!" ಅಂತ ಕೂಗಿಬಿಡುತ್ತಿದ್ದಳು. ಕೊನೆಗೆ ಪಿಟೀಲೇ ಉಪಾಯ ಕಂಡುಹಿಡಿದಳು. "ಅಮ್ಮಾ, ನಾವು ಆಡುವಾಗ ನೀನು ಗುಂಡುಪಿನ್ನು ಬಾಯಲ್ಲಿಟ್ಟುಕೊಳ್ಳೋ ಕೆಲಸ ಮಾಡು." ಅಂಚು ಮಡಿಚಿ ಪಿನ್ನು ಹಾಕುವಾಗ ಅಮ್ಮ ತುಟಿಯ ನಡುವೆ ಪಿನ್ನು ಸಾಲಾಗಿ ಕಚ್ಚಿಕೊಳ್ಳುವುದು ವಾಡಿಕೆ. ಆಗ ಮಾತಾಡುವ ಹಾಗಿಲ್ಲ. ಅವತ್ತಿನಿಂದ ಆ ಮನೆಯಲ್ಲಿ ಹೊಲಿದ ಲಂಗಗಳ ಅಂಚಿಗೆಲ್ಲ ಸಂಜೆಯೇ ಮಡಿಕೆ ಬೀಳುತ್ತಿತ್ತು. ಅಪ್ಪ ಪದಕ್ಕಾಗಿ ತಡಕಾಡುವಾಗ ಅಮ್ಮನ ಹುಬ್ಬು ಮೇಲಕ್ಕೂ ಕೆಳಕ್ಕೂ ಹಾರಾಡುತ್ತಿತ್ತು, ಮೂಗಿನಿಂದ "ಹೂಂ, ಹೂಂ" ಅಂತ ಸದ್ದು ಬರುತ್ತಿತ್ತು, ಪಿನ್ನು ಮಾತ್ರ ಬೀಳುತ್ತಿರಲಿಲ್ಲ.

ಎಲ್ಲ ದಿನವೂ ಹೂವಿನ ಹಾಗೆ ನಡೆಯಿತು ಅಂತಲ್ಲ. ಒಂದು ಸಂಜೆ ಬಾಚಣಿಗೆ ಅನ್ನುವ ಪದ ಸಿಗದೆ ಅಪ್ಪ ಬಾಚಣಿಗೆಯನ್ನೇ ಗೋಡೆಗೆ ಎಸೆದ. ಇನ್ನೊಂದು ಸಂಜೆ ಪಿಟೀಲು ಅಳುತ್ತ ಎದ್ದು ಹೋದಳು. ಅವತ್ತು ಗ್ರಂಥಾಲಯದಲ್ಲಿ ಪುಸ್ತಕ ಕೊಡಿ ಅನ್ನಲು ಕೊಡುವುದಕ್ಕಿರುವ ಲೆಂಡ್ ಅನ್ನುವ ಕಡೆ ಪಡೆಯುವುದಕ್ಕಿರುವ ಬಾರೋ ಅಂದು, ಹಿಂದೆ ನಿಂತವರೆಲ್ಲ ಕಿಸಕ್ಕೆಂದಿದ್ದರು. ಮರುದಿನ ಇಬ್ಬರೂ ಏನೂ ಆಗಿಲ್ಲವೆಂಬಂತೆ ಮತ್ತೆ ಕೂತರು. ಹೀಗೆ ಚಪ್ಪಲಿ ಚಪ್ಪಲಿಯಾಯಿತು, ಚಮಚ ಚಮಚವಾಯಿತು. ಎರಡು ಪದ ಮೂರಾಯಿತು. ನೀರು ಅನ್ನುವುದಂತೂ ಕುಡಿದಷ್ಟೇ ಸಲೀಸಾಯಿತು.

ಆ ದಿನಗಳಲ್ಲೇ ತರಗತಿಯಲ್ಲಿ ಯೂಸ್ಡ್ ಟು ಬಂತು. ಮುಂಚೆ ಮಾಡುತ್ತಿದ್ದು ಈಗ ಮಾಡದೇ ಇರುವುದನ್ನು ಹೇಳುವ ಬಗೆ. ಮನೆಯವರ ಬಗ್ಗೆ ಒಂದೊಂದು ವಾಕ್ಯ ಹೇಳಿ ಅಂದರು ಮೇಡಂ. ಜಿಯಾಲಜಿ ತನ್ನ ಅಜ್ಜ ಹೇಗೆ ಈಜುತ್ತಿದ್ದ ಅಂತ ಹೇಳಿದ. ಪಿಟೀಲಿನ ಸರದಿ ಬಂತು.

"ಮೈ ಫಾದರ್ ಅನೌನ್ಸಸ್ ಬಸಸ್," ಅಂದಳು.

"ಈಗಲೂ ಮಾಡ್ತಾರಾ?"

"ಇಲ್ಲ ಮ್ಯಾಮ್."

"ಹಾಗಾದ್ರೆ ಯೂಸ್ಡ್ ಟು ಅನೌನ್ಸ್ ಅನ್ನಬೇಕಲ್ಲ?"

ಪಿಟೀಲು ಬಾಯಿ ಬಿಡಲಿಲ್ಲ. ಈ ಸಲ ಪದ ಗೊತ್ತಿತ್ತು, ಬಾಯಲ್ಲೂ ಇತ್ತು, ಹೇಳಲು ಮನಸ್ಸಿರಲಿಲ್ಲ. ಮೇಡಂ ಅವಳ ಮುಖ ನೋಡಿ ಮುಂದಿನವನ ಕಡೆ ತಿರುಗಿದರು. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ ಕೇಳಿದರು. ಪಿಟೀಲು ನಡೆದದ್ದೆಲ್ಲ ಹೇಳಿದಳು. ಆಮೇಲೆ, "ಹಾಗಂದ್ರೆ ಮುಗಿದೇ ಹೋಯ್ತು ಅಂತಲ್ಲವಾ ಮ್ಯಾಮ್? ನಾಳೆ ಮತ್ತೆ ಮಾಡಿದ್ರೆ?" ಅಂದಳು.

ಮೇಡಂ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ವ್ಯಾಕರಣಕ್ಕೆ ಎರಡೇ ಗೊತ್ತು, ಮುಗಿದದ್ದು, ಮುಗಿಯದ್ದು. ನಿಮ್ಮ ಮನೇಲಿ ನಡೀತಿರೋದು ಅದಕ್ಕೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲ ಅನ್ನೋಕೂ ಒಂದು ಒಳ್ಳೆ ಮಾತಿದೆ. ಐ ಡೋಂಟ್ ನೋ ಯೆಟ್. ಕೊನೇಲಿ ಯೆಟ್ ಮರೀಬೇಡ. ಇನ್ನೂ ಅಂತ. ಚಿಕ್ಕ ಪದ, ಬಾಗಿಲು ತೆರೆದಿಟ್ಟಿರುತ್ತೆ."

ಒಂದು ರಜೆಯ ದಿನ ಬೆಳಿಗ್ಗೆ ಅಪ್ಪ ತಾನೇ ಅಂಗಿ ಹಾಕಿಕೊಂಡು, ಗುಂಡಿ ಒಂದು ಮನೆ ತಪ್ಪಿಸಿ ಹಾಕಿ, ಬಾಗಿಲಲ್ಲಿ ನಿಂತು ಹೇಳಿದ, "ಸ್ಟ್ಯಾಂಡ್. ಹೋಗ್ಬೇಕು."

ಅಮ್ಮನಿಗೆ ಸುತರಾಂ ಇಷ್ಟವಿರಲಿಲ್ಲ. ಅಲ್ಲಿ ಗದ್ದಲ, ಅಲ್ಲಿ ಹೊಗೆ, ಅಲ್ಲಿ ಯಾರಾದರೂ ಏನಾದರೂ ಅಂದರೆ? "ನಾನು ಕರ್ಕೊಂಡು ಹೋಗ್ತೀನಿ ಬಿಡಮ್ಮಾ" ಅಂದಳು ಪಿಟೀಲು. ಗುಂಡಿ ಸರಿ ಮಾಡಿ ಕಳಿಸಿದಳು ಅಮ್ಮ.

ನಿಲ್ದಾಣದ ಹಿಂಬದಿಯ ಗೇಟಿನಿಂದ ಒಳಗೆ ಹೋದರು, ನೌಕರರ ದಾರಿ ಅದು. ಡೀಸೆಲ್ ತುಂಬುವ ಶೆಡ್ಡು ದಾಟಿ, ನಿಂತ ಬಸ್ಸುಗಳ ಸಂದಿಯಲ್ಲಿ ಅಪ್ಪ ನಿಧಾನವಾಗಿ, ಒಂದೊಂದು ಬೋರ್ಡನ್ನೂ ಓದುವವನಂತೆ ನೋಡುತ್ತ ನಡೆದ. ಮುಂದಿನ ಅಂಗಳಕ್ಕೆ ಬಂದದ್ದೇ ತಲೆಯ ಮೇಲಿನ ಧ್ವನಿವರ್ಧಕ ಕರಕರ ಅಂದು ಗಂಟಲು ಸರಿಮಾಡಿಕೊಂಡಿತು.

"ಪ್ರಯಾಣಿಕರ ಗಮನಕ್ಕೆ!"

ಪಿಟೀಲಿನ ಕಾಲು ನಿಂತಿತು. ಅಪ್ಪನದೇ ದನಿ. ಅಪ್ಪ ಅವಳ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ.

ದೂರದಿಂದಲೇ ಗುರುತಿಸಿ ಕಂಟ್ರೋಲರ್ ಓಡಿಬಂದ. ಅಪ್ಪನ ಜೊತೆ ಬಹಳ ಕಾಲ ಕೆಲಸ ಮಾಡಿದವನು. "ಬಂದ್ರಾ ಅಣ್ಣಾ! ಕೇಳಿದ್ರಾ? ನಿಮ್ಮದೇ! ಮುಂಚೆ ಸೌಂಡ್ ಟೆಸ್ಟಿಗೆ ಅಂತ ರೆಕಾರ್ಡ್ ಮಾಡಿದ್ವಲ್ಲ, ಅದನ್ನೇ ಕಂಪ್ಯೂಟರಿಗೆ ಹಾಕಿದ್ದಾರೆ. ಊರು, ಅಂಕಣ ಎಲ್ಲ ಅದೇ ಜೋಡಿಸಿಕೊಳ್ಳುತ್ತೆ. ನೀವಿಲ್ಲ ಅಂತ ಯಾರಿಗೂ ಗೊತ್ತೇ ಆಗಿಲ್ಲ ನೋಡಿ!" ಸಮಾಧಾನಕ್ಕೆ ಆಡಿದ ಮಾತು ಎಲ್ಲಿಗೆ ಹೋಗಿ ತಾಕಿತು ಅಂತ ಆಮೇಲೆ ಹೊಳೆದು, "ಟೀ ತರಿಸ್ತೀನಿ ಇರಿ" ಅಂತ ಹೊರಟೇಹೋದ.

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಮೇಲಿನ ದನಿ ಊರುಗಳ ಹೆಸರನ್ನು ಒಂದಾದ ಮೇಲೊಂದು, ಎಲ್ಲೂ ಎಡವದೆ ಹೇಳುತ್ತಿತ್ತು. ಪಿಟೀಲಿಗೆ ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ ಎರಡು ಗಂಟುಗಳ ನಡುವೆ ಒಬ್ಬ ಅಜ್ಜಿ ಕೂತಿದ್ದಳು. ಬೆಟ್ಟದ ಊರಿನ ಬಸ್ಸು ನಾಲ್ಕನೇ ಅಂಕಣದಿಂದ ಹೊರಡಲಿದೆ ಅಂತ ಮೇಲಿನಿಂದ ಕೇಳಿಸಿತು. ಅಜ್ಜಿ ಗಡಬಡಿಸಿ ಎದ್ದಳು. ಅಪ್ಪ ಕೈ ಚಾಚಿ ಅವಳನ್ನು ತಡೆದ.

"ಅಲ್ಲ," ಅಂದ. "ಅಲ್ಲ. ನಾ... ನಾಲ್... ಇಲ್ಲ."

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. ತೊದಲುವ ಗಂಡಸು, ಹಾಡುಹಗಲು, ಬಸ್ ನಿಲ್ದಾಣ. ಅವಳು ಏನಂದುಕೊಂಡಳೋ ಮುಖದಲ್ಲೇ ಕಾಣುತ್ತಿತ್ತು. ಪಿಟೀಲಿಗೂ ಅಪ್ಪ ಏನು ಹೇಳಲು ಹೊರಟಿದ್ದಾನೆ ಅಂತ ತಿಳಿಯಲಿಲ್ಲ. ತಿಳಿದಿದ್ದರೆ ತಾನೇ ಹೇಳಿ ಮುಗಿಸಿಬಿಡುತ್ತಿದ್ದಳೇನೋ. "ಅಜ್ಜಿ, ಒಂದು ನಿಮಿಷ," ಅಂದಳು. "ನಮ್ಮಪ್ಪ. ಹುಷಾರಿಲ್ಲದೆ ಮಾತು ನಿಧಾನ. ಹೇಳ್ತಾರೆ, ಇರಿ."

"ಬಸ್ಸು ಹೋಗಿಬಿಡುತ್ತಲ್ಲೇ ಮಗಳೇ! ಮೈಕಲ್ಲಿ ನಾಲ್ಕು ಅಂತ ಹೇಳ್ತಿದಾರಲ್ಲ!"

ಅಪ್ಪ ತಲೆ ಮೇಲಿನ ಧ್ವನಿವರ್ಧಕಕ್ಕೆ ಬೆರಳು ತೋರಿಸಿದ. "ಅವನು... ಸುಳ್ಳು," ಅಂದ. ಸರಿಹೋಗಲಿಲ್ಲ ಅಂತ ತಲೆ ಕೊಡವಿದ. "ಅವನಿಗೆ ಗೊತ್ತಿಲ್ಲ." ಮತ್ತೆ ಹುಡುಕಿದ. ಹಣೆಯಲ್ಲಿ ಬೆವರು ಮೂಡಿತು. ಅಜ್ಜಿ ನಾಲ್ಕನೇ ಅಂಕಣದ ಕಡೆ, ಅಪ್ಪನ ಕಡೆ, ಮತ್ತೆ ಆ ಕಡೆ ನೋಡುತ್ತ ನಿಂತಳು. ಪಿಟೀಲು ಅಜ್ಜಿಯ ಒಂದು ಗಂಟನ್ನು ತಾನೇ ಎತ್ತಿಕೊಂಡು, ಬಾಯಿ ಬಿಗಿಹಿಡಿದು ಕಾದಳು.

"ಹಿಂದೆ," ಅಂದ ಅಪ್ಪ. "ಎಣ್ಣೆ. ಎಣ್ಣೆ ಮನೆ. ಬಸ್ಸು... ನೀಲಿ. ಅಲ್ಲಿ ಇದೆ."

"ಡೀಸೆಲ್ ಹಾಕೋ ಕಡೆಯಾ?" ಅಂದಳು ಅಜ್ಜಿ.

"ಹೂಂ! ಅಲ್ಲಿ!"

ಮೂವರೂ ಸಾಧ್ಯವಾದಷ್ಟು ಬೇಗ ಹಿಂದಕ್ಕೆ ಹೋದರು. ದಾರಿಯಲ್ಲಿ ನೋಡಿದರೆ ನಾಲ್ಕನೇ ಅಂಕಣದ ಮುಂದೆ ನೆಲ ಅಗೆದು ಹಗ್ಗ ಕಟ್ಟಿದ್ದರು. ಅಲ್ಲಿ ಬಸ್ಸು ನಿಲ್ಲುವ ಹಾಗೇ ಇರಲಿಲ್ಲ. ಡೀಸೆಲ್ ಶೆಡ್ಡಿನ ಪಕ್ಕ ನೀಲಿ ಬಸ್ಸೊಂದು ಎಂಜಿನ್ ಚಾಲೂ ಮಾಡಿಕೊಂಡು ನಿಂತಿತ್ತು, ಹಣೆಯ ಮೇಲೆ ಬೆಟ್ಟದ ಊರಿನ ಬೋರ್ಡು. ಅಜ್ಜಿ ಹತ್ತಿ, ಕಿಟಕಿಯಿಂದ ಮುಖ ಹೊರಗೆ ಹಾಕಿ, "ನಿಧಾನ ಆದ್ರೂ ಸರಿಯಾಗೇ ಹೇಳಿದೆಯಪ್ಪಾ!" ಅಂತ ಕೂಗಿದಳು. ಬಸ್ಸು ಹೊಗೆ ಬಿಡುತ್ತ ಹೊರಟಿತು. ಪಿಟೀಲು ಹೋಗಿ ಕಂಟ್ರೋಲರಿಗೆ ವಿಷಯ ತಿಳಿಸಿದಳು. ಅವನು ಹಣೆ ಚಚ್ಚಿಕೊಂಡು ಕಂಪ್ಯೂಟರ್ ಕೋಣೆಗೆ ಓಡಿದ.

ಇಬ್ಬರೂ ಮನೆ ದಾರಿ ಹಿಡಿದರು. "ಬೇಜಾರಾಯ್ತಾ ಅಪ್ಪಾ, ಆ ದನಿ ಕೇಳಿ?" ಅಂತ ಪಿಟೀಲು ಅರ್ಧ ದಾರಿಯಲ್ಲಿ ಕೇಳಿದಳು.

ಅಪ್ಪ ಯೋಚಿಸಿದ. "ಚೆನ್ನಾಗಿ... ಓದ್ತಾನೆ," ಅಂದ. ಇನ್ನಷ್ಟು ದೂರ ನಡೆದ ಮೇಲೆ, "ನೋಡಲ್ಲ," ಅಂದ.

ಬಾಯಿಮಾತಿನ ಪರೀಕ್ಷೆಯ ದಿನ ಬಂತು. ಮೇಡಂ ಪಕ್ಕದಲ್ಲಿ ಹೊರಗಿನಿಂದ ಬಂದ ಒಬ್ಬರು ಪರೀಕ್ಷಕರು. ಜೋಡಿಯಾಗಿ ಒಳಗೆ ಹೋಗಬೇಕು, ಒಂದು ವಿಷಯದ ಮೇಲೆ ಇಬ್ಬರೂ ಮಾತಾಡಬೇಕು. ವಿಷಯ: ಮನೆಯಲ್ಲಿ ಆದ ಒಂದು ಬದಲಾವಣೆ.

ಮೊದಲು ಜಿಯಾಲಜಿ. ಅವನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅರ್ಧ ದಾರಿ ಗಾಳಿಯ ವೇಗದಲ್ಲಿ ಹೋದವನು ಒಂದು ತಿರುವಿನಲ್ಲಿ ಗಕ್ಕನೆ ನಿಂತ. ಬಾಯಿ ತೆರೆದೇ ಇತ್ತು. ಪರೀಕ್ಷಕರು ಗಡಿಯಾರ ನೋಡಿ, ಏನೋ ಹೇಳಿಕೊಡಲು ಮುಂದೆ ಬಾಗಿದರು. ಪಿಟೀಲು ತನಗೇ ಗೊತ್ತಿಲ್ಲದೆ ಕೈ ಅಡ್ಡ ಹಿಡಿದು, "ಪ್ಲೀಸ್ ವೇಟ್," ಅಂದಳು. ಅವಳು ಜಿಯಾಲಜಿಯ ಕಡೆ ತಿರುಗಿ, ಅವಸರವೇನಿಲ್ಲ ಅನ್ನುವ ಹಾಗೆ ನೋಡಿದಳು. ಅವನು ಬಾಯಿಪಾಠ ಕೈಬಿಟ್ಟು, ಮನೆಗೆ ಹೊಸದಾಗಿ ಬಂದ ಅತ್ತಿಗೆಗೂ ತನ್ನ ತಾಯಿಗೂ ರೇಡಿಯೋ ವಿಷಯಕ್ಕೆ ನಡೆಯುವ ತಕರಾರಿನ ಕಥೆ ಹೇಳಿದ. ಪರೀಕ್ಷಕರಿಗೇ ನಗು ತಡೆಯಲಾಗಲಿಲ್ಲ.

ಆಮೇಲೆ ಪಿಟೀಲು ಅಪ್ಪನ ಬಗ್ಗೆ ಹೇಳಿದಳು. ಕಾಲಗಳು ಹಿಂದೆ ಮುಂದೆ ಆದವು, ಒಂದು ಕಡೆ ಹಿ ಬದಲು ಶಿ ಬಂತು, ಸೋರುವುದಕ್ಕೆ ಪದ ಸಿಗದೆ ನಲ್ಲಿಯನ್ನು ಅಳಿಸಿದಳು. ಎಲ್ಲೂ ಓಡಲಿಲ್ಲ. ನಿಂತಲ್ಲಿ ನಿಂತು, ಸಿಕ್ಕಿದ ಮೇಲೆ ಮುಂದೆ ಹೋದಳು. ನಿಮ್ಮ ತಂದೆ ಮತ್ತೆ ಕೆಲಸಕ್ಕೆ ಹೋಗುತ್ತಾರಾ ಅಂತ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು.

"ಐ ಡೋಂಟ್ ನೋ ಯೆಟ್," ಅಂದಳು. ಒಂದು ಉಸಿರು ಬಿಟ್ಟು, "ಬಟ್ ಹಿ ಈಸ್ ನಾಟ್ ರಿಲಕ್ಟೆಂಟ್," ಅಂದಳು.

ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿ ಯಾಕೋ ಕೆಮ್ಮಿದರು.

ಫಲಿತಾಂಶ ಬಂದಾಗ ಜಿಯಾಲಜಿಗೆ ಹೆಚ್ಚು ಅಂಕ, ಪಿಟೀಲಿಗೆ ಪಾಸಾಗುವುದಕ್ಕೆ ಬೇಕಾದ್ದಕ್ಕಿಂತ ತುಸು ಮೇಲೆ. ಅವನು ಕ್ಯಾಂಟೀನಿನಲ್ಲಿ ಟೀ ಕೊಡಿಸಿ, "ನೀನು ಅವತ್ತು ಕೈ ಅಡ್ಡ ಹಿಡೀದೇ ಇದ್ದಿದ್ರೆ ನಾನು ಗೋತಾ," ಅಂದ. ಅವಳಿಗೆ ಅವನ ಮೇಲಿದ್ದ ಹೊಟ್ಟೆಕಿಚ್ಚು ಯಾವಾಗ ಹೋಯಿತೋ ತಿಳಿಯಲಿಲ್ಲ.

ಅಪ್ಪ ಮತ್ತೆ ಮೈಕಿನ ಮುಂದೆ ಕೂರಲಿಲ್ಲ. ಕಂಟ್ರೋಲರ್ ಮೇಲಿನವರ ಹತ್ತಿರ ಮಾತಾಡಿ, ನಿಲ್ದಾಣದ ಪಾರ್ಸಲ್ ಕೋಣೆಯಲ್ಲಿ ಅರ್ಧ ದಿನದ ಕೆಲಸ ಕೊಡಿಸಿದ. ಅಲ್ಲಿ ಗಂಟುಮೂಟೆ ತೂಗಬೇಕು, ಯಾವ ಬಸ್ಸಿಗೆ ಅಂತ ನೋಡಿ ಹಾಕಬೇಕು. ಮಾತು ಕಡಿಮೆ, ಆದರೆ ಇಲ್ಲದೆ ನಡೆಯುವುದಿಲ್ಲ. ಹೋಗುವ ಮೊದಲ ಬೆಳಿಗ್ಗೆ ಮನೆಯಲ್ಲಿ ದೊಡ್ಡ ಜಗಳವಾಯಿತು.

ಅಪ್ಪ ಒಬ್ಬನೇ ಹೋಗುತ್ತೇನೆ ಅಂದ. ಅಮ್ಮ ಜೊತೆಗೆ ಬರುತ್ತೇನೆ ಅಂದಳು. "ರಸ್ತೆ ದಾಟೋರು ಯಾರು? ನೀವಾ? ಆ ಲಾರಿಗಳು ನಿಮ್ಮ ಮಾತು ಬರೋವರೆಗೆ ನಿಲ್ತಾವಾ? ಊಟದ ಡಬ್ಬಿ ಯಾವ ಕೈಯಲ್ಲಿ ಹಿಡ್ಕೊಳ್ತೀರಿ? ಛತ್ರಿ ಯಾವ ಕೈಯಲ್ಲಿ?"

"ಕಾಲು... ಇದೆ. ಕಣ್ಣು ಇದೆ," ಅಂದ ಅಪ್ಪ. "ನಿಂಗೆ ಅಂ... ಅಂಗಿ..."

"ಅಂಗಿ ಇಸ್ತ್ರಿ ಮಾಡಿದೀನಿ, ಅದೇ ಅಲ್ವಾ ನೀವು ಹಾಕ್ಕೊಂಡಿರೋದು?"

"ಅಂಗಿ ಅಲ್ಲ! ಅಂಗಡಿ! ಗಿರಾಕಿ ಬರ್ತಾರೆ. ನೀನು... ಮನೇಲಿ..."

"ಗಿರಾಕಿಗಳು ಕಾಯ್ತಾರೆ ಬಿಡಿ, ಮೊದಲು ನೀವು..."

ಅಪ್ಪ ನೆಲಕ್ಕೆ ಕಾಲು ಅಪ್ಪಳಿಸಿದ. "ತಡಿಯೇ! ನಂದಿನ್ನೂ ಮುಗಿದಿಲ್ಲ!"

ಬೀದಿಯ ಆಚೆ ಮನೆಯವರು ಕಿಟಕಿ ತೆರೆದು ನೋಡುವಷ್ಟು ಜೋರಾಗಿತ್ತು. ಒಂದು ಪದವೂ ತಪ್ಪದೆ, ಒಂದೇ ಉಸಿರಿನಲ್ಲಿ ಬಂದಿತ್ತು. ಅಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಚೀಲ ಹೆಗಲಿಗೇರಿಸುತ್ತಿದ್ದ ಪಿಟೀಲು ಅರ್ಧಕ್ಕೆ ನಿಂತಳು.

"ಸರಿ," ಅಂದಳು ಅಮ್ಮ, ಎಂದೂ ಇಲ್ಲದ ಮೆಲ್ಲಗಿನ ದನಿಯಲ್ಲಿ. "ಹೇಳಿ. ಕೇಳ್ತೀನಿ."

ಅಪ್ಪ ಬಾಯಿ ತೆರೆದ. ಮುಚ್ಚಿದ. ಸೂರಿನ ಕಡೆ ನೋಡಿದ. ಏನು ಹೇಳಬೇಕು ಅಂತಿದ್ದನೋ ಅದು ಕೋಪದ ಗಡಿಬಿಡಿಯಲ್ಲಿ ಎಲ್ಲೋ ಜಾರಿಹೋಗಿತ್ತು. "ಮರೆತೋಯ್ತು," ಅಂದ ಪೆಚ್ಚಾಗಿ.

"ಮರೆತೋಗೋದು ನಂಗೂ ಆಗುತ್ತೆ," ಅಂದಳು ಅಮ್ಮ. ಡಬ್ಬಿಯನ್ನು ಅವನ ಎಡಗೈಗೆ ಕೊಟ್ಟಳು. ಬಾಗಿಲವರೆಗೆ ಬಂದಳು, ಹೊಸ್ತಿಲು ದಾಟಲಿಲ್ಲ. ಅಪ್ಪ ಬೀದಿಯ ತುದಿಗೆ ಹೋಗಿ, ಎರಡೂ ಕಡೆ ನೋಡಿ, ಲಾರಿಯೊಂದನ್ನು ಹೋಗಲು ಬಿಟ್ಟು, ನಿಧಾನವಾಗಿ ರಸ್ತೆ ದಾಟಿದ. ಆಚೆ ಬದಿಯಿಂದ ತಿರುಗಿ ನೋಡಿ, ಡಬ್ಬಿ ಹಿಡಿದ ಕೈಯನ್ನೇ ಒಮ್ಮೆ ಎತ್ತಿದ.

"ಎಷ್ಟು ಜೋರಾಗಿ ಬೈದ್ರು ನೋಡಿದ್ಯಾ ನಿಮ್ಮಪ್ಪ!" ಅಂದಳು ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. ಪಿಟೀಲು ಅವಳ ಹೆಗಲು ಒಮ್ಮೆ ಹಿಂಡಿ, ತರಗತಿಗೆ ಹೊತ್ತಾಯಿತು ಅಂತ ಮೆಟ್ಟಿಲಿಳಿದಳು.